ಎಡಕ್ಕೆ ಕಿವಿ ಬಿಟ್ಟ ಮಡಿಕೆ

"ಇದನ್ನ ಮಡಿಸಿದ್ದು ಯಾರು?"

ಬೆಕ್ಕಮ್ಮ ಕೇಳಿದ್ದು ಅಷ್ಟೇ. ಕೇಳಿ, ಬೆರಳ ತುದಿಯಿಂದ ಆ ರೇಷ್ಮೆ ಸ್ಕಾರ್ಫನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದಳು. ಅದರ ಪಕ್ಕದಲ್ಲಿ ನನ್ನ ಲಾಕರಿನಿಂದ ತೆಗೆದ ಇದ್ದಬದ್ದ ಸಾಮಾನೆಲ್ಲ ಹರಡಿತ್ತು. ಬಾಚಣಿಗೆ, ತಲೆನೋವಿನ ಮಾತ್ರೆ, ಬದಲಿ ಕಾಲುಚೀಲ, ಮಗಳ ಫೋಟೊ, ನನ್ನ ಫೋನು. ಹರಾಜಿಗಿಟ್ಟ ಹಾಗೆ ಒಂದೊಂದನ್ನೂ ಸಾಲಾಗಿ ಜೋಡಿಸಿದ್ದಳು ಪುಣ್ಯಾತ್ಗಿತ್ತಿ.

"ಗೊತ್ತಿಲ್ಲ ಮೇಡಂ."

"ಸರಿಯಾಗಿ ನೋಡಿ ಹೇಳಿ."

ಆಕೆ ಕಂಪನಿಯ ದೊಡ್ಡ ಕಚೇರಿಯವರು ಕಳಿಸಿದ ಪತ್ತೇದಾರಿಣಿ. ಬೆಕ್ಕಮ್ಮ ಎನ್ನುವುದು ನಾನಿಟ್ಟ ಹೆಸರು. ಕಾಲಿಗೆ ಚಪ್ಪಟೆ ಬೂಟು, ನಡೆದರೆ ಸದ್ದಿಲ್ಲ. ಬೆನ್ನ ಹಿಂದೆ ಬಂದು ನಿಂತು ಉಸಿರು ಬಿಟ್ಟಾಗಲೇ ಬಂದದ್ದು ಗೊತ್ತಾಗುವುದು. ಮಾತಾಡುವುದು ಈ ದೇಶದ ಭಾಷೆ. ಅದರಲ್ಲಿ ಅರ್ಧ ನಾನು ಕಲಿತಿದ್ದೇನೆ, ಉಳಿದರ್ಧ ಇವತ್ತು ಭಯವೇ ಅರ್ಥ ಮಾಡಿಸುತ್ತಿತ್ತು.

ಬೆಳಿಗ್ಗೆ ಗಾಜಿನ ಕಪಾಟಿನಿಂದ ಆ ಮೊಸಳೆ ಚರ್ಮದ ಬ್ಯಾಗನ್ನು ತೆಗೆದವಳು ನಾನು, ಮೂಸಿ ನೋಡಿ ಇದು ನಕಲಿ ಎಂದು ಕೂಗಿದವಳೂ ನಾನು. ಮಧ್ಯಾಹ್ನದ ಹೊತ್ತಿಗೆ ಕಳ್ಳಿಯೂ ನಾನೇ ಆಗಿದ್ದೆ.

"ನಾನೇ ಕದ್ದಿದ್ರೆ ನಾನೇ ಯಾಕೆ ಕೂಗ್ಲಿ ಮೇಡಂ?"

"ಜಾಣೆ ಆಗಿದ್ರೆ ಕೂಗ್ತಾಳೆ" ಎಂದಳು ಬೆಕ್ಕಮ್ಮ, ಬೇಸರವಿಲ್ಲದೆ, ಸಿಟ್ಟಿಲ್ಲದೆ.

ಸಿಟ್ಟು ಮಾಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಈ ತಣ್ಣನೆಯ ಮರ್ಯಾದೆಗೆ ಏನು ಉತ್ತರ ಕೊಡುವುದು? ಆ ಹಿಂಬದಿ ಕೋಣೆಗೆ ಇರುವುದು ಒಂದೇ ಕಿಟಕಿ. ಅದರಾಚೆ ಎದ್ದು ನಿಲ್ಲುತ್ತಿರುವ ಒಂದು ಕಟ್ಟಡ, ಅದರ ಮೇಲೊಂದು ಕೆಂಪು ಕ್ರೇನು. ಅದರ ಕೊಕ್ಕೆ ಗಾಳಿಗೆ ಸಣ್ಣಗೆ ತೂಗುತ್ತಿತ್ತು. ನಾನು ಅದನ್ನೇ ನೋಡುತ್ತ ಕೂತೆ.

"ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ನಾನು ವರದಿ ಕಳಿಸ್ಬೇಕು" ಎಂದಳು ಆಕೆ. "ಆಮೇಲೆ ಅದು ಪೊಲೀಸರ ಕೆಲಸ. ನಿಮ್ಮ ಕೆಲಸದ ಪರ್ಮಿಟ್ಟು ನನ್ನ ಕೈಲಿಲ್ಲ, ಅದು ನಿಮಗೂ ಗೊತ್ತು."

ಗೊತ್ತಿಲ್ಲದೆ ಏನು. ಈ ಕೆಲಸ ಹೋದರೆ ಪರ್ಮಿಟ್ಟು ಹೋಯಿತು, ಪರ್ಮಿಟ್ಟು ಹೋದರೆ ನಾನು ಗಂಟುಮೂಟೆ ಕಟ್ಟಬೇಕು. ಅದಾದರೂ ಹಾಳಾಗಿ ಹೋಗಲಿ. ನನ್ನ ಪರ್ಮಿಟ್ಟಿನ ಮೇಲೆಯೇ ಮಗಳ ವೀಸಾ ಆಗಿರುವುದು. ಮುಂದಿನ ವಾರ ಅವಳು ಬರಬೇಕು, ಊರಲ್ಲಿ ಅವಳನ್ನು ನೋಡಿಕೊಳ್ಳುತ್ತಿರುವ ನನ್ನ ಸೋದರಮಾವನೇ ಕರೆದುಕೊಂಡು ಬರಬೇಕು ಎಂದು ಮಾತಾಗಿತ್ತು. ಗಂಡನೆಂಬುವನು ಮದುವೆ ಫೋಟೊದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ನಮಗಿಬ್ಬರಿಗೂ ನಾವಿಬ್ಬರೇ.

ಮಗಳು ಗುಬ್ಬಿಯ ಮುಂದಿನ ಹಲ್ಲು ಬಿದ್ದದ್ದನ್ನೂ ಮತ್ತೆ ಬಂದದ್ದನ್ನೂ ನಾನು ಫೋನಿನಲ್ಲೇ ನೋಡಿದವಳು. ಬಾಡಿಗೆ ಕೋಣೆಯಲ್ಲಿ ನನ್ನ ಹಾಸಿಗೆಯ ಪಕ್ಕ ಒಂದು ಚಿಕ್ಕ ಮಂಚ ಹಾಕಿ ಹಳದಿ ಹೊದಿಕೆ ಹಾಸಿಟ್ಟಾಗಿದೆ. ಹಾಲು ಸೋಸುವುದಕ್ಕೆ ಪುಟ್ಟದೊಂದು ಜರಡಿಯೂ ಬಂದಿದೆ. ಲೋಟದಲ್ಲಿ ಒಂದೆಳೆ ಕೆನೆ ಕಂಡರೂ ಮುಖ ತಿರುಗಿಸುವ ಜಂಬ ಆ ಮಹಾರಾಣಿಗೆ. ಎಲ್ಲ ತಯಾರಾಗಿತ್ತು, ಅವಳೊಬ್ಬಳು ಬರುವುದು ಬಾಕಿ.

"ನಿನ್ನೆ ಮಧ್ಯಾಹ್ನದ್ದು ಇನ್ನೊಂದು ಸಲ ಹೇಳಿ" ಎಂದಳು ಬೆಕ್ಕಮ್ಮ.

ಹೇಳಿದೆ. ಎಷ್ಟನೇ ಸಲವೋ.

ನಮ್ಮಂಥ ಅಂಗಡಿಯಲ್ಲಿ ಎಲ್ಲ ಗಿರಾಕಿಗಳೂ ಒಂದೇ ಅಲ್ಲ. ಕೆಲವರು ಬೀದಿ ಬಾಗಿಲಿನಿಂದ ಬರುತ್ತಾರೆ, ನೋಡುತ್ತಾರೆ, ಬೆಲೆಚೀಟಿ ತಿರುಗಿಸಿ ಬೆಚ್ಚಿಬಿದ್ದು ಹೋಗುತ್ತಾರೆ. ಇನ್ನು ಕೆಲವರು ಹಿಂದಿನ ಬಾಗಿಲಿನಿಂದ ಒಳಕೋಣೆಗೇ ಬರುವವರು. ಅವರ ಮುಖ ನೋಡುವ ಹಕ್ಕು ಒಬ್ಬ ಸಿಬ್ಬಂದಿಗೆ ಮಾತ್ರ. ಮಿಕ್ಕವರು ದಪ್ಪನೆಯ ಮಖಮಲ್ಲಿನ ಪರದೆಯ ಹೊರಗೆ ನಿಂತಿರಬೇಕು. ಕೇಳಿದ್ದನ್ನು ಪರದೆಯ ಸಂದಿನಲ್ಲಿ ಕೊಡಬೇಕು, ವಾಪಸು ಬಂದದ್ದನ್ನು ತೆಗೆದುಕೊಳ್ಳಬೇಕು. ಒಳಗೆ ಕ್ಯಾಮೆರಾ ಇಲ್ಲ. ದೊಡ್ಡವರ ಗುಟ್ಟು ಕಾಪಾಡುವುದೂ ನಮ್ಮ ಮಾರಾಟದ ಸಾಮಾನೇ.

ನಿನ್ನೆ ಒಳಗಿದ್ದವಳು ಅಕ್ಕ. ಹೊರಗಿದ್ದವಳು ನಾನು.

ಅಕ್ಕ ಈ ಅಂಗಡಿಯ ಮ್ಯಾನೇಜರು. ನನ್ನ ಸೋದರಮಾವನ ಮಗಳು. ಲೆಕ್ಕಕ್ಕೆ ಅತ್ತಿಗೆಯಾಗಬೇಕು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಮೇಲೆ ಲೆಕ್ಕ ಯಾರು ನೋಡುತ್ತಾರೆ. ನನ್ನನ್ನು ಇಲ್ಲಿಗೆ ಕರೆಸಿಕೊಂಡು ಕೆಲಸ ಕೊಡಿಸಿದವಳು ಅವಳೇ.

"ಅಕ್ಕನ ಕೈ ಪರದೆಯಿಂದ ಆಚೆ ಬಂತು. ಮೊಸಳೆ ಬ್ಯಾಗ್ ತಾ ಅಂದ್ಲು. ಗ್ಲೌಸ್ ಹಾಕ್ಕೊಂಡು ತಟ್ಟೇಲಿಟ್ಟು ಕೊಟ್ಟೆ. ಆಮೇಲೆ ಸ್ಕಾರ್ಫ್‌ಗಳನ್ನ ಕೇಳಿದ್ಲು, ಕೊಟ್ಟೆ. ಆಮೇಲೆ ಒಂದು ಕಾಫಿ, ಒಂದು ಲೋಟ ಹಾಲು."

"ಗಿರಾಕಿ ಒಬ್ಬಳೇ ಹೆಂಗಸು ಅಂತ ನಿಮ್ಮಕ್ಕ ಹೇಳ್ತಾರೆ. ಒಬ್ಬಳೇ ಕಾಫಿನೂ ಕುಡಿದು ಹಾಲೂ ಕುಡಿದಳಾ?"

"ದುಡ್ಡಿದ್ದೋರು ಮೇಡಂ. ಹಾಲಲ್ಲಿ ಸ್ನಾನ ಬೇಕಾದ್ರೂ ಮಾಡ್ತಾರೆ."

ಬೆಕ್ಕಮ್ಮ ನಗಲಿಲ್ಲ. ನನಗೂ ನಗು ಬರಲಿಲ್ಲ, ಬಾಯಿಗೆ ಬಂದದ್ದು ಆಡಿಬಿಟ್ಟಿದ್ದೆ. ನಿನ್ನೆಯೂ ಹೀಗೆಯೇ ಗೊಣಗಿಕೊಂಡಿದ್ದೆ. ಹಾಲು ಉಗುರುಬೆಚ್ಚಗಿರಲಿ, ಕೆನೆ ತೆಗೆದು ಕೊಡು ಎಂದು ಅಕ್ಕ ಪರದೆಯೊಳಗಿಂದ ಪಿಸುಗುಟ್ಟಿದಾಗ, ಇವರ ನಾಜೂಕಿಗೆ ಬೆಂಕಿ ಹಾಕ ಎಂದುಕೊಂಡೇ ಚಮಚದಲ್ಲಿ ಕೆನೆ ಎತ್ತಿದ್ದೆ.

"ನಿಮ್ಮಕ್ಕ ನಡುವೆ ಹೊರಗೆ ಬಂದ್ರಾ?"

"ಒಂದ್ಸಲ. ಮುಖ ತೊಳ್ಕೊಂಡು ಬರ್ತೀನಿ ಅಂತ ಹೋದ್ಲು. ಆಮೇಲೆ ಬ್ಯಾಗ್ ಇದ್ದ ತಟ್ಟೆ ನನ್ನ ಕೈಗೆ ವಾಪಸ್ ಬಂತು. ಆಚೆ ಗಿರಾಕಿಗಳ ಗದ್ದಲ. ಹಾಗೇ ಕಪಾಟಿಗೆ ಇಟ್ಟು ಬೀಗ ಹಾಕ್ದೆ."

"ಮೂಸಲಿಲ್ಲ."

"ಇಲ್ಲ."

ಮೂಸಬೇಕಿತ್ತು. ಒಳ್ಳೆಯ ಚರ್ಮಕ್ಕೊಂದು ವಾಸನೆಯಿದೆ, ಅಂಟಿಗೆ ಇನ್ನೊಂದು. ನಿನ್ನೆಯೇ ಮೂಸಿದ್ದರೆ ಇವತ್ತು ಈ ಕುರ್ಚಿಯಲ್ಲಿ ನಾನು ಕೂತಿರುತ್ತಿರಲಿಲ್ಲ.

"ಒಳಕೋಣೆಯ ಡ್ರಾಯರಲ್ಲಿ ನಿನ್ನೆಯ ಸ್ಕಾರ್ಫ್‌ಗಳು ಹಾಗೇ ಇದ್ವು" ಎಂದಳು ಬೆಕ್ಕಮ್ಮ. "ಎಲ್ಲಾ ಮುದ್ದೆ. ಗಿರಾಕಿಗಳು ಹಾಗೇ ಬಿಸಾಕಿ ಹೋಗೋದು, ಅಲ್ವಾ? ಅಷ್ಟು ಮುದ್ದೆ ನಡುವೆ ಇದೊಂದು ಮಾತ್ರ ಚೆಂದಾಗಿ ಮಡಿಸಿತ್ತು. ಆದರೆ ನಿಮ್ಮ ಅಂಗಡಿ ಮಡಿಕೆ ಇದಲ್ಲ. ಅದಕ್ಕೇ ಕೇಳ್ತಿದೀನಿ."

ಆಗ ನಾನು ಆ ಸ್ಕಾರ್ಫನ್ನು ಸರಿಯಾಗಿ ನೋಡಿದೆ.

ಮಡಿಕೆಗೆ ಕಿವಿ ಬಿಟ್ಟಿದ್ದರು.

ನಮ್ಮಲ್ಲಿ ಸ್ಕಾರ್ಫನ್ನು ಮಡಿಸುವುದಕ್ಕೆ ನಿಯಮವಿದೆ. ಅಂಚಿಗೆ ಅಂಚು ಕೂರಬೇಕು, ಕೂದಲೆಳೆಯಷ್ಟೂ ಆಚೆ ಇಣುಕಬಾರದು. ಇದರಲ್ಲಿ ಮೇಲಿನ ಪದರದ ಒಂದು ಮೂಲೆ ಬೆರಳಗಲ ಆಚೆಗೆ ಚಾಚಿತ್ತು. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಎಳೆದು ಬಿಟ್ಟದ್ದು.

ಮಾವನದು ಜವಳಿ ಅಂಗಡಿ. ಗೋಡೆಯುದ್ದಕ್ಕೂ ಮರದ ಕಪಾಟು, ನೆಲಕ್ಕೆ ಬಿಳಿ ಹಾಸು. ಅಲ್ಲಿ ಯಾವ ಬಟ್ಟೆ ಮಡಿಸಿದರೂ ಕಿವಿ ಬಿಡಲೇಬೇಕು. ಗಿರಾಕಿ ಕೂತಾಗ ಆ ಕಿವಿ ಹಿಡಿದು ಒಂದು ಎಳೆತ ಎಳೆದರೆ ಇಡೀ ಬಟ್ಟೆ ಗಾಳಿಯಲ್ಲಿ ಬಿಚ್ಚಿಕೊಂಡು ಅವರ ಮಡಿಲಿಗೆ ಬೀಳಬೇಕು. "ಬಿಚ್ಚಕ್ಕೆ ತಡಕಾಡಿದ್ರೆ ಗಿರಾಕಿ ಮನಸ್ಸು ಬದಲಾಗತ್ತೆ ಕಣ್ರೇ" ಎನ್ನುವುದು ಮಾವನ ವರಸೆ. ನಾನೂ ಅಕ್ಕನೂ ಶಾಲೆ ಬಿಟ್ಟು ಬಂದು ರಾಶಿ ರಾಶಿ ಬಟ್ಟೆಗೆ ಕಿವಿ ಬಿಡುತ್ತ ಕೂರುತ್ತಿದ್ದೆವು. ಬೇರೆ ಯಾವ ಅಂಗಡಿಯಲ್ಲೂ ಈ ಪದ್ಧತಿ ನಾನು ಕಂಡಿಲ್ಲ.

ಹಾಗೆ ಮಡಿಸುವವರು ಲೋಕದಲ್ಲಿ ಮೂರೇ ಜನ. ಮಾವ ಸಮುದ್ರದಾಚೆ ಇದ್ದಾನೆ. ನಾನು ಮಡಿಸಿಲ್ಲ.

"ಏನೋ ಕಂಡ ಹಾಗಿದೆ" ಎಂದಳು ಬೆಕ್ಕಮ್ಮ.

"ಇಲ್ಲ ಮೇಡಂ. ನೀರು ಬೇಕಿತ್ತು."

ಆಕೆಯ ಫೋನು ಹೊಡೆದುಕೊಂಡಿತು. ದೊಡ್ಡ ಕಚೇರಿಯವರಿರಬೇಕು, ಎದ್ದು ನಿಂತೇ ಮಾತಾಡಿದಳು. ಮಾತಾಡುತ್ತ ಹೊರಗೆ ಹೋದಳು. ಸ್ಕಾರ್ಫು ಮೇಜಿನ ಮೇಲೆಯೇ ಉಳಿಯಿತು. ಅದು ಮರೆವೋ, ಇಲಿಗಿಟ್ಟ ಬೋನೋ ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸ್ಕಾರ್ಫನ್ನು ಅಂಗೈಯಲ್ಲಿಟ್ಟುಕೊಂಡು, ಮಡಿಕೆ ಕೆಡದ ಹಾಗೆ, ಒಳಕೋಣೆಗೆ ನಡೆದೆ.

ಅಕ್ಕ ಅಲ್ಲೇ ಇದ್ದಳು. ಸೋಫಾದ ದಿಂಬುಗಳನ್ನು ತಟ್ಟಿ ತಟ್ಟಿ ಇಡುತ್ತಿದ್ದಳು. ಬೆಳಗಿನಿಂದ ಅದೇ ನಾಲ್ಕು ದಿಂಬು.

"ಅಕ್ಕಾ, ಇದನ್ನ ನೋಡು."

"ಈಗ ಬೇಡ ಕಣೇ. ತಲೆ ಚಿಟ್ಟು ಹಿಡಿದುಹೋಗಿದೆ."

"ಕಿವಿ ಬಿಟ್ಟು ಮಡಿಸಿದಾರೆ."

ಅವಳ ಕೈ ದಿಂಬಿನ ಮೇಲೆಯೇ ನಿಂತಿತು. ತಿರುಗಿ ಸ್ಕಾರ್ಫನ್ನು ನೋಡಿದಳು, ಆಮೇಲೆ ಬಾಗಿಲನ್ನು, ಆಮೇಲೆ ನನ್ನನ್ನು.

"ನಾನೇ ಮಡಿಸಿದ್ದು" ಎಂದಳು.

ಇಷ್ಟು ಬೇಗ ಒಪ್ಪಿಕೊಂಡರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ?

"ನೀನಾ? ಮೊದಲ್ನೇ ದಿನ ನಾನು ಮರೆತು ಕಿವಿ ಬಿಟ್ಟಿದ್ದಕ್ಕೆ ಎಲ್ಲರ ಎದುರು ಮರ್ಯಾದೆ ತೆಗೆದೋಳು ನೀನು. ಇದು ನಿಮ್ಮಪ್ಪನ ಅಂಗಡಿ ಅಲ್ಲ ಅಂದಿದ್ದೆ, ಅಂಗಡಿ ಇರೋದು ನಿಮ್ಮಪ್ಪಂಗೇ ಅನ್ನೋದು ಮರೆತು."

"ಅಭ್ಯಾಸಬಲ. ಗಾಬರೀಲಿ ಕೈ ತಾನಾಗೇ ಮಡಿಸ್ತು."

"ಏನು ಗಾಬರಿ? ಆಗಿನ್ನೂ ಬ್ಯಾಗ್ ಕಳುವಾಗಿದ್ದು ಯಾರಿಗೂ ಗೊತ್ತೇ ಇರ್ಲಿಲ್ವಲ್ಲ?"

ಅಕ್ಕ ತುಟಿ ಒರೆಸಿಕೊಂಡಳು. ಈ ಅಂಗಡಿಯಲ್ಲಿ ಅವಳ ಲಿಪ್‌ಸ್ಟಿಕ್ಕು ಒಂದು ದಿನವೂ ಅಂಚು ಮೀರಿದ್ದಿಲ್ಲ. ಇವತ್ತು ಮೀರಿತ್ತು.

"ನನ್ನ ತಲೆ ಮೇಲೆ ಬರ್ತಿದೆ ಅಕ್ಕ. ಗುಬ್ಬಿ ಬರೋಳಿದಾಳೆ. ನೀನೇ ಮಾಡಿದ್ರೆ ಮಾಡಿದೀನಿ ಅನ್ನು. ಕಾಲಿಗೆ ಬೀಳ್ತೀನಿ."

"ನಾನು ಕದ್ದಿಲ್ಲ. ಗುಬ್ಬಿ ಆಣೆ..." ಎಂದವಳು ಆಣೆಯನ್ನು ಅರ್ಧಕ್ಕೇ ನುಂಗಿಕೊಂಡಳು. ಕಣ್ಣು ತುಂಬಿ ಬಂತು.

ನನಗೆ ರೇಗಿತು. ಡ್ರಾಯರಿನಿಂದ ಇನ್ನೊಂದು ಸ್ಕಾರ್ಫನ್ನು ಕಿತ್ತು ಅವಳ ಮುಂದೆ ಎಸೆದೆ.

"ಮಡಿಸು. ನಿನ್ನ ಅಭ್ಯಾಸಬಲ ನೋಡೇಬಿಡ್ತೀನಿ."

"ಹುಚ್ಚಾ ನಿನಗೆ?"

"ಮಡಿಸು ಅಂದ್ನಲ್ಲ!"

ಮಡಿಸಿದಳು. ಆ ಕೈಗಳು ಎಷ್ಟು ಬದಲಾಗಿವೆ! ಉಗುರಿಗೆ ಬಣ್ಣ, ಬೆರಳಿಗೆ ಉಂಗುರ. ಬಟ್ಟೆ ಸಿಕ್ಕಿದ್ದೇ ತಡ ಅವು ಮಾವನ ಅಂಗಡಿಯ ಬಿಳಿ ಹಾಸಿನ ಮೇಲೆ ಕೂತ ಹುಡುಗಿಯ ಕೈಗಳಾದವು. ಅರ್ಧ, ಮತ್ತರ್ಧ, ಅಂಗೈಯಿಂದ ಒಂದು ನೇವರಿಕೆ, ಕೊನೆಗೆ ಹೆಬ್ಬೆರಳಲ್ಲಿ ಮೂಲೆಯನ್ನು ಎಳೆದು ಕಿವಿ. ಮುಗಿಯಿತು.

ಎರಡನ್ನೂ ಪಕ್ಕ ಪಕ್ಕ ಇಟ್ಟೆ, ತೆರೆದ ಅಂಚು ನಮ್ಮ ಕಡೆಗೆ.

ಅಕ್ಕ ಮಡಿಸಿದ್ದರ ಕಿವಿ ಬಲಕ್ಕಿತ್ತು. ಡ್ರಾಯರಿನಲ್ಲಿ ಸಿಕ್ಕಿದ್ದರದು ಎಡಕ್ಕಿತ್ತು.

ಮಾವನ ಅಂಗಡಿಯಲ್ಲಿ ಎಡಗೈಯವರು ಯಾರು ಎನ್ನುವುದನ್ನು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾಗಿರಲಿಲ್ಲ. ಕತ್ತರಿ ಹಿಡಿದರೂ ಎಡ, ಗಜಕಡ್ಡಿ ಹಿಡಿದರೂ ಎಡ. ನೆಂಟರಿಷ್ಟರು ಆಡಿಕೊಂಡರೆ, "ಬಲಗೈ ಗಲ್ಲಾಪೆಟ್ಟಿಗೆ ಕಾಯತ್ತೆ" ಎಂದು ನಗುತ್ತಿದ್ದ.

"ಮಾವ" ಎಂದೆ.

"ಸುಮ್ನಿರು. ಅಪ್ಪ ಊರಲ್ಲಿದಾರೆ."

"ಮೊನ್ನೆಯಿಂದ ಫೋನ್ ಮಾಡಿದ್ರೆ ಬರೀ ದನಿ. ಮುಖ ತೋರಿಸ್ತಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಅಂತಾರೆ. ಗುಬ್ಬಿಗೆ ಕೊಡು ಅಂದ್ರೆ ಮಲಗಿದಾಳೆ ಅಂತಾರೆ. ಹಗಲು ಹೊತ್ತಲ್ಲಿ ಮಲಗೋ ಮಗು ಅಲ್ಲ ಅದು..."

ಆಗ ನನಗೆ ಚಮಚ ನೆನಪಾಯಿತು. ಚಮಚದ ತುದಿಯಲ್ಲಿ ಸುಕ್ಕಾಗಿ ಎದ್ದು ಬಂದ ಕೆನೆ. ಉಗುರುಬೆಚ್ಚಗೆ. ಪರದೆಯ ಸಂದಿನಲ್ಲಿ ನಾನು ಚಾಚಿದ ಲೋಟ.

"ಹಾಲು ಯಾರಿಗೆ ಅಕ್ಕಾ?"

ಅಕ್ಕ ಸೋಫಾದ ಮೇಲಿನ ದಿಂಬನ್ನು ಪಕ್ಕಕ್ಕೆ ಸರಿಸಿದಳು.

"ಅಕ್ಕಾ, ನಿನ್ನೆ ಕೆನೆ ತೆಗಿ ಅಂದೆಯಲ್ಲ, ಆ ಹಾಲು ಯಾರಿಗೆ?"

"ಇದೇ ಸೋಫಾ ಮೇಲೆ ಮಲಗಿದ್ಲು ಕಣೇ" ಎಂದಳು ಅಕ್ಕ. "ಅಷ್ಟು ದೂರದಿಂದ ಬಂದ ಆಯಾಸ. ಎಬ್ಬಿಸಿದ್ರೂ ಕಣ್ಣು ಬಿಡ್ತಿರ್ಲಿಲ್ಲ. ಹಾಲು ಅಂದ್ಮೇಲೆ ಎದ್ದು ಕುಡಿದು ಮತ್ತೆ ಮಲಗಿದ್ಲು."

ನನ್ನ ಮಗಳು. ಒಂದು ಮಖಮಲ್ಲಿನ ಪರದೆ ನಡುವೆ. ಕೈಚಾಚಿದರೆ ಸಿಗುತ್ತಿದ್ದಳು, ನಾನು ಚಾಚಿದ್ದೂ ಹೌದು, ಲೋಟ ಹಿಡಿದುಕೊಂಡು, ಬೈದುಕೊಂಡು. ಅಳು ಬರಲಿಲ್ಲ. ಅಕ್ಕನ ಕೆನ್ನೆಗೆ ಬಾರಿಸಬೇಕು ಎನಿಸಿತು, ಬಾರಿಸಿಯೂಬಿಟ್ಟೆ.

ಅವಳು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

"ಹೊಡಿ. ಇನ್ನೂ ಹೊಡಿ. ಮೊದಲು ಕೇಳು."

ಪಿಸುಮಾತಿನಲ್ಲಿ, ತುಂಡು ತುಂಡಾಗಿ ಹೇಳಿದಳು. ಮುತ್ತಿನವಳು ಎಂದು ನಾವು ಕರೆಯುವ ಹಳೇ ಗಿರಾಕಿಯೊಬ್ಬಳಿದ್ದಾಳೆ, ಕೊರಳಲ್ಲಿ ಮೂರೆಳೆ ಮುತ್ತಿಲ್ಲದೆ ಹೊರಗೆ ಕಾಲಿಡದವಳು. ನಿನ್ನೆ ಒಳಕೋಣೆ ಕಾದಿರಿಸಿದ್ದವಳು ಅವಳು. ಅಕ್ಕ ಹಿಂದಿನ ಬಾಗಿಲು ತೆಗೆದರೆ ಅವಳ ಬೆನ್ನ ಹಿಂದೆ ಮಾವ. ಹೊಸ ಕೋಟು, ಬೋಳಿಸಿದ ಮೀಸೆ, ಹೆಗಲ ಮೇಲೆ ನಿದ್ದೆ ಹೋದ ಗುಬ್ಬಿ.

"ಅಪ್ಪಾ ಅನ್ನೋಕೆ ಬಾಯಿ ತೆರೆದೆ. ಅಪ್ಪ ತಲೆ ಆಡಿಸಿಬಿಟ್ರು, ಬೇಡ ಅಂತ. ನನ್ನ ಗುರುತೇ ಇಲ್ಲದೋರ ಹಾಗೆ ಬಂದು ಕೂತ್ರು."

"ಅವಳಿಗೆ ಮಾವ ಹೇಗೆ ಗೊತ್ತು?"

"ನನಗೇನು ಗೊತ್ತು? ಟಿಕೆಟ್ ಮುಂಚೆ ಮಾಡಿಸಿ ಕರೆಸಿಕೊಂಡಿದ್ದೇ ಅವಳಂತೆ. ನಗ್ತಾ ನಗ್ತಾ ಹೇಳಿದ್ಲು. ಬ್ಯಾಗ್ ತರಿಸು, ಸ್ಕಾರ್ಫ್ ತರಿಸು, ಆಮೇಲೆ ಸ್ವಲ್ಪ ಹೊತ್ತು ಆಚೆ ಹೋಗಿರು ಅಂತ. ಪರದೆ ಹೊರಗಿರೋಳಿಗೆ ಒಂದು ಮಾತು ಗೊತ್ತಾದ್ರೆ, ಪೊಲೀಸ್ ಅನ್ನೋ ಶಬ್ದ ಕೇಳಿಸಿದ್ರೆ, ಮಗೂನ ಮರೆತುಬಿಡಿ ಅಂದ್ಲು. ಗುಬ್ಬಿ ಕೂದಲು ನೇವರಿಸ್ತಾ ಹೇಳಿದ್ಲು ಕಣೇ."

"ನೀನು ಆಚೆ ಹೋದೆ."

"ಹೋದೆ. ವಾಪಸ್ ಬಂದಾಗ ಹೊರಡೋಕೆ ನಿಂತಿದ್ರು, ಅಷ್ಟರಲ್ಲೇ ಬ್ಯಾಗ್ ಬದಲಾಯಿಸಿರ್ಬೇಕು. ಅಪ್ಪ ಒಂದು ಸಲ ಮೇಜಿನ ಕಡೆ ನೋಡಿದ್ರು. ನಾನು ಯಾವುದನ್ನೂ ನೋಡದೆ ಎಲ್ಲಾ ಇದ್ದ ಹಾಗೇ ಎತ್ತಿ ಡ್ರಾಯರಿಗೆ ಹಾಕಿದೆ."

ಮೇಜಿನ ಕಡೆ ನೋಡಿದನಂತೆ. ಹಾಗಾದರೆ ಈ ಕಿವಿ ಬರೀ ಕೈಯ ಚಾಳಿಯಲ್ಲ. ಮಾತಾಡಲು ಬಿಡದ ಕಡೆ ಮಾವ ಬಟ್ಟೆಯನ್ನು ಮಡಿಸಿಟ್ಟು ಹೋಗಿದ್ದಾನೆ, ನಮ್ಮಿಬ್ಬರಲ್ಲಿ ಒಬ್ಬರಾದರೂ ನೋಡಲಿ ಎಂದು. ಅಕ್ಕ ನೋಡಲಿಲ್ಲ. ನೋಡಿದ್ದು ಬೆಕ್ಕಮ್ಮ.

"ಈಗೆಲ್ಲಿದಾರೆ ಅವರು?"

"ಗೊತ್ತಿಲ್ಲ."

"ಅಕ್ಕಾ!"

"ಗುಬ್ಬಿ ಮೇಲಾಣೆ, ಗೊತ್ತಿಲ್ಲ!"

ಈ ಸಲ ಆಣೆ ಪೂರ್ತಿಯಾಗಿ ಬಂತು. ನಂಬಿದೆ. ನಂಬಿದ್ದೇ ತಡ, ನನ್ನ ಹೆದರಿಕೆ ಪೂರ್ತಿ ಬೇರೆಯೇ ಆಯಿತು. ಬೆಳಗಿನಿಂದ ಪರ್ಮಿಟ್ಟಿಗೆ ಹೆದರಿದ್ದೆ, ಪೊಲೀಸರಿಗೆ ಹೆದರಿದ್ದೆ. ಅದೆಲ್ಲ ಈಗ ಮಕ್ಕಳಾಟದಂತೆ ಕಂಡಿತು. ಮಾವನ ಹೆಸರು ಬಾಯಿಬಿಟ್ಟರೆ ನಾನು ಬಚಾವು. ಗುಬ್ಬಿ ಯಾರ ಕೈಯಲ್ಲೋ. ಬಾಯಿಬಿಡದಿದ್ದರೆ ನಾನು ಕಳ್ಳಿ. ಗುಬ್ಬಿಗೆ ಇವತ್ತಿನ ಮಟ್ಟಿಗಾದರೂ ಏನೂ ಆಗುವುದಿಲ್ಲ.

ಯೋಚಿಸುವುದಕ್ಕೆ ಏನಿತ್ತು ಅದರಲ್ಲಿ?

ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟರು.

ಬೆಕ್ಕಮ್ಮ. ಪರದೆಯ ಸಂದಿನಲ್ಲಿ ನಿಂತಿದ್ದಳು, ನಿನ್ನೆ ನಾನು ನಿಂತಿದ್ದ ಜಾಗದಲ್ಲೇ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳ ಕೈಯಲ್ಲಿ ನನ್ನ ಫೋನಿತ್ತು.

"ನಿಮ್ಮ ಮಾತು ನನಗೆ ಒಂದಕ್ಷರ ಅರ್ಥ ಆಗಲಿಲ್ಲ" ಎಂದಳು. "ಆದರೆ ನಿಮ್ಮಕ್ಕ ಮಡಿಸಿದ್ದನ್ನ ನೋಡಿದೆ."

ಒಳಗೆ ಬಂದು ಎರಡು ಮಡಿಕೆಗಳನ್ನೂ ಬಗ್ಗಿ ನೋಡಿದಳು. ಒಂದರ ಕಿವಿ, ಇನ್ನೊಂದರ ಕಿವಿ. ಆಮೇಲೆ ಅಕ್ಕನ ಕೆನ್ನೆಯ ಮೇಲೆ ಎದ್ದಿದ್ದ ನನ್ನ ಬೆರಳ ಗುರುತು.

"ಇನ್ನೊಂದ್ಸಲ ಕೇಳ್ತೀನಿ. ಎಡಕ್ಕೆ ಮೂಲೆ ಚಾಚಿರೋ ಇದನ್ನ ಮಡಿಸಿದ್ದು ಯಾರು?"

ಅಕ್ಕ ನನ್ನ ಕಡೆ ನೋಡಲಿಲ್ಲ. ಕಾರ್ಪೆಟ್ಟನ್ನು ನೋಡುತ್ತಿದ್ದಳು.

"ನಾನು" ಎಂದೆ.

"ನೀವು ಪರದೆಯ ಹೊರಗಿದ್ರಿ."

"ಅಕ್ಕ ಮುಖ ತೊಳೆಯೋಕೆ ಹೋದಾಗ ಒಳಗೆ ಬಂದೆ. ಗಿರಾಕಿ ಕನ್ನಡಿ ಮುಂದೆ ನಿಂತಿದ್ರು. ಬ್ಯಾಗ್ ಬದಲಾಯಿಸಿದ್ದೂ ನಾನೇ. ಬರ್ಕೊಳ್ಳಿ."

ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಅಕ್ಕ ಬಿಕ್ಕಿದಳು. ಬೆಕ್ಕಮ್ಮ ಏನನ್ನೂ ಬರೆದುಕೊಳ್ಳಲಿಲ್ಲ. ಡ್ರಾಯರಿನಿಂದ ಮತ್ತೊಂದು ಸ್ಕಾರ್ಫು ತೆಗೆದು, ಕೊಡವಿ, ನನ್ನ ಮುಂದೆ ಹಾಸಿದಳು.

"ಮಡಿಸಿ ತೋರಿಸಿ."

ಎಡಕ್ಕೆ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಎಡಕ್ಕೆ, ಎಡಕ್ಕೆ. ಅರ್ಧ ಮಡಿಸಿದೆ. ಮತ್ತರ್ಧ. ಅಂಗೈ ಬೆವರಿ ರೇಷ್ಮೆ ಅಂಟಿಕೊಳ್ಳುತ್ತಿತ್ತು. ನೀವಿದೆ. ಎಡಗೈ ಹೆಬ್ಬೆರಳನ್ನು ಮೂಲೆಗೆ ಒಯ್ದೆ. ಅದು ತಡವರಿಸಿತು, ಎಲ್ಲಿ ಹಿಡಿಯಬೇಕೆಂದೇ ಅದಕ್ಕೆ ತಿಳಿಯದು. ಅಷ್ಟರಲ್ಲಿ ಬಲಗೈ ತನ್ನ ಪಾಡಿಗೆ ತಾನು ಬಂದು, ಬಾಲ್ಯದಿಂದ ಮಾಡಿಕೊಂಡು ಬಂದದ್ದನ್ನು ಮಾಡಿ ಮುಗಿಸಿತು.

ಕಿವಿ ಬಲಕ್ಕೆ ಬಂತು.

ಮೂವರೂ ನೋಡಿದೆವು. ಬೆಕ್ಕಮ್ಮ ನಿಧಾನವಾಗಿ ನನ್ನೆದುರು ಕೂತಳು. ಬೆಳಗಿನಿಂದ ಮೊದಲ ಸಲ ಆಕೆಯ ದನಿ ಮೆತ್ತಗಾಗಿತ್ತು.

"ಎಡಗೈಯವರೊಬ್ಬರನ್ನ ಉಳಿಸೋಕೆ ನೋಡ್ತಿದೀರಿ. ಯಾರನ್ನ?"

"ಯಾರೂ ಇಲ್ಲ."

"ಅಷ್ಟು ಹೆದರಿಸಿರೋದು ಯಾರು ನಿಮ್ಮನ್ನ?"

ಇನ್ನೊಂದು ಸಲ ಆ ದನಿಯಲ್ಲಿ ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ಆಕೆ ಕೇಳಲಿಲ್ಲ, ಕೇಳುವ ಮೊದಲೇ ಅವಳ ಕೈಯಲ್ಲಿದ್ದ ನನ್ನ ಫೋನು ನಡುಗಿ ಹಾಡತೊಡಗಿತು.

ಫೋನಿನ ಮೇಲೆ ಮಾವನ ಹೆಸರು. ದನಿಯ ಕರೆಯಲ್ಲ, ಮುಖ ಕಾಣುವ ಕರೆ.

"ಕೊಡಿ" ಎಂದು ಕೈ ಚಾಚಿದೆ. "ದಮ್ಮಯ್ಯ, ಕೊಡಿ."

ಬೆಕ್ಕಮ್ಮ ಕೊಡಲಿಲ್ಲ. ನನ್ನ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು, ಹಸಿರು ಗುಂಡಿ ಒತ್ತಿ ಫೋನನ್ನು ನನ್ನ ಕಡೆಗೆ ಹಿಡಿದಳು.

ಮೊದಲು ಕಂಡದ್ದು ಒಂದು ಛಾವಣಿ. ಆಮೇಲೆ ಅಲ್ಲಾಡಿ, ಓರೆಯಾಗಿ, ಒಂದು ಕಿಟಕಿ. ಕಿಟಕಿಯಾಚೆ ಕೆಂಪು ಕ್ರೇನು, ಗಾಳಿಗೆ ಸಣ್ಣಗೆ ತೂಗುವ ಅದೇ ಕೊಕ್ಕೆ. ಬೆಳಗಿನಿಂದ ನಾನು ಒಂದು ಮಗ್ಗುಲಿನಿಂದ ನೋಡುತ್ತಿದ್ದುದನ್ನು ಅವರು ಇನ್ನೊಂದು ಮಗ್ಗುಲಿನಿಂದ ನೋಡುತ್ತಿದ್ದರು. ಆಮೇಲೆ ತೀರಾ ಹತ್ತಿರದಲ್ಲಿ, ಕೆದರಿದ ಕೂದಲು, ಬಾಡಿದ ಪುಟ್ಟ ಮುಖ.

"ಅಮ್ಮಾ" ಎಂದಳು ಗುಬ್ಬಿ, ಯಾರಿಗೂ ಕೇಳಿಸಬಾರದೆನ್ನುವಂತೆ ಪಿಸುಗುಟ್ಟುತ್ತ. "ತಾತ ಎಷ್ಟು ಅಲ್ಲಾಡಿಸಿದ್ರೂ ಏಳ್ತಾ ಇಲ್ಲ. ಬಾಗಿಲು ಯಾರೋ ಬಡೀತಾ ಇದಾರೆ. ತೆಗೀಲಾ?"